ಕಿಮೊಥೆರಪಿ ಮತ್ತು ದೇಹದ ರೋಗನಿರೋಧಕ ಕೋಶಗಳು: ರೋಗಿಗಳು ಹಾಗೂ ಕುಟುಂಬದವರು ತಿಳಿದಿರಬೇಕಾದ ವಿಷಯಗಳು

ಕ್ಯಾನ್ಸರ್ ರೋಗಕ್ಕೆ ನೀಡಲಾಗುವ ಔಷಧ ಚಿಕಿತ್ಸೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಕಿಮೊಥೆರಪಿ, ಅಂದರೆ ರಾಸಾಯನಿಕ ಚಿಕಿತ್ಸೆ. ಇದನ್ನು ಪಡೆಯುವವರಲ್ಲಿ ಅನೇಕರು ಇಂದು ಆಸ್ಪತ್ರೆಯಲ್ಲಿ ಒಳರೋಗಿಗಳಾಗಿ ಉಳಿಯುವುದಿಲ್ಲ. ಬೆಳಿಗ್ಗೆ ಬಂದು, ಔಷಧಿಯನ್ನು ಹಾಕಿಸಿಕೊಂಡು, ಸಂಜೆ ತಮ್ಮ ಊರಿಗೆ ಮರಳುತ್ತಾರೆ. ಆದರೆ ರಕ್ತದಲ್ಲಿರುವ ರೋಗನಿರೋಧಕ ಕೋಶಗಳ ಮೇಲೆ ಔಷಧಿಯು ಬೀರುವ ಪರಿಣಾಮವು ಅಂದು ಕಾಣಿಸುವುದಿಲ್ಲ. ಸುಮಾರು ಒಂದು ವಾರ ಕಳೆದ ನಂತರ, ವಾಂತಿ ಮತ್ತು ಸುಸ್ತು ಕಡಿಮೆಯಾಗಿ ರೋಗಿಯು ಚೇತರಿಸಿಕೊಂಡಂತೆ ತೋರುವಾಗ, ಅದು ತೀವ್ರಗೊಳ್ಳುತ್ತದೆ. ಆ ದಿನಗಳಲ್ಲಿ ಬರುವ ಜ್ವರವನ್ನು ಸಾಮಾನ್ಯ ಜ್ವರವೆಂದು ಭಾವಿಸಿ ಮನೆಯಲ್ಲಿಯೇ ಕಾಯುವುದು ಪ್ರಾಣಾಪಾಯಕ್ಕೆ ಕಾರಣವಾಗಬಹುದು. ಇದು ಹೇಗೆ ಸಂಭವಿಸುತ್ತದೆ, ಚಿಕಿತ್ಸೆಯ ಫಲಿತಾಂಶಕ್ಕೂ ಈ ಕೋಶಗಳಿಗೂ ಇರುವ ಸಂಬಂಧವೇನು ಹಾಗೂ ತುರ್ತು ಸಂದರ್ಭದಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ರೋಗನಿರೋಧಕ ಕೋಶಗಳು

ರಕ್ತದ ಕಣಗಳೆಲ್ಲವೂ ಮೂಳೆಯ ಒಳಗಿರುವ ಮಜ್ಜೆಯಲ್ಲಿ ಉತ್ಪತ್ತಿಯಾಗುತ್ತವೆ. ಕೆಂಪು ಕಣಗಳು ಪ್ರಾಣವಾಯುವನ್ನು ಸಾಗಿಸುತ್ತವೆ, ಪ್ಲೇಟ್‌ಲೆಟ್‌ಗಳು ರಕ್ತಸ್ರಾವವನ್ನು ತಡೆಯುತ್ತವೆ, ಬಿಳಿ ಕಣಗಳು ಸೋಂಕಿನಿಂದ ರಕ್ಷಣೆ ನೀಡುತ್ತವೆ. ಆರೋಗ್ಯವಂತ ವಯಸ್ಕರ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 4,000 ರಿಂದ 11,000 ಬಿಳಿ ಕಣಗಳಿರುತ್ತವೆ.

ಬಿಳಿ ಕಣಗಳಲ್ಲಿ ಹಲವು ಬಗೆಗಳಿದ್ದು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನ್ಯೂಟ್ರೊಫಿಲ್‌ಗಳು. ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ದೇಹವನ್ನು ಹೊಕ್ಕ ಕೂಡಲೇ ಆ ಸ್ಥಳಕ್ಕೆ ಧಾವಿಸಿ ಅವುಗಳನ್ನು ನುಂಗಿ ನಾಶಪಡಿಸುವುದು ಇವುಗಳ ಕೆಲಸ. ಲಿಂಫೊಸೈಟ್‌ಗಳ ಕೆಲಸ ಬೇರೆ ಬಗೆಯದು. ಇವುಗಳಲ್ಲಿ ಬಿ-ಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಟಿ-ಕೋಶಗಳು ವೈರಾಣು ತಗುಲಿದ ಕೋಶಗಳನ್ನೂ ಕ್ಯಾನ್ಸರ್ ಕೋಶಗಳನ್ನೂ ಗುರುತಿಸಿ ಕೊಲ್ಲಬಲ್ಲವು. ಹಿಂದೆ ಬಂದುಹೋದ ಸೋಂಕಿನ ಅಥವಾ ಪಡೆದ ಲಸಿಕೆಯ ನೆನಪನ್ನು ವರ್ಷಗಳ ಕಾಲ ಉಳಿಸಿಕೊಳ್ಳುವುದೂ ಲಿಂಫೊಸೈಟ್‌ಗಳೇ.

ಕೆಂಪು ಕಣದ ಆಯಸ್ಸು ಸುಮಾರು 120 ದಿನಗಳು, ಪ್ಲೇಟ್‌ಲೆಟ್‌ಗಳದು ಒಂದು ವಾರದಿಂದ ಹತ್ತು ದಿನಗಳು. ನ್ಯೂಟ್ರೊಫಿಲ್ ರಕ್ತದಲ್ಲಿ ಅಲ್ಪಕಾಲ ಮಾತ್ರ ಇರುತ್ತದೆ. ಈ ಕೊರತೆಯನ್ನು ತುಂಬಲು ಮಜ್ಜೆಯು ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೊಫಿಲ್‌ಗಳನ್ನು ಹೊಸದಾಗಿ ಉತ್ಪಾದಿಸಬೇಕಾಗುತ್ತದೆ. ಇಷ್ಟು ವೇಗವಾಗಿ ವಿಭಜನೆಗೊಳ್ಳುವ ಕೋಶಗಳು ದೇಹದಲ್ಲಿ ವಿರಳ. ಕಿಮೊಥೆರಪಿಯ ಪೆಟ್ಟು ಇವುಗಳಿಗೆ ಮೊದಲು ತಗಲುವುದು ಈ ಕಾರಣದಿಂದಲೇ.

ಔಷಧಿಯ ಹುಟ್ಟು

ಬಿಳಿ ಕಣಗಳ ಇಳಿಕೆಯನ್ನು ಕಿಮೊಥೆರಪಿಯ ಅಡ್ಡ ಪರಿಣಾಮವೆಂದು ಕರೆಯುವುದು ವಾಡಿಕೆ. ಇತಿಹಾಸವನ್ನು ನೋಡಿದರೆ, ಈ ಚಿಕಿತ್ಸೆ ಹುಟ್ಟಿದ್ದೇ ಆ ಪರಿಣಾಮದಿಂದ. ಮೊದಲ ಮಹಾಯುದ್ಧದಲ್ಲಿ ಬಳಸಲಾದ ಮಸ್ಟರ್ಡ್ ಅನಿಲಕ್ಕೆ ಸಿಕ್ಕಿ ಸತ್ತವರ ಮೂಳೆಮಜ್ಜೆಯು ಬರಿದಾಗಿದ್ದುದನ್ನು ವೈದ್ಯರು 1919ರಲ್ಲಿ ದಾಖಲಿಸಿದ್ದರು. ಅನಿಲವು ಬಿಳಿ ಕಣಗಳನ್ನು ನಾಶಮಾಡುವುದಾದರೆ ಬಿಳಿ ಕಣಗಳದೇ ಕ್ಯಾನ್ಸರ್ ಆದ ಲಿಂಫೋಮವನ್ನೂ ಕರಗಿಸಬಹುದೆಂಬ ಊಹೆಯ ಮೇಲೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್ ಮತ್ತು ಗಿಲ್‌ಮನ್ ಅವರ ತಂಡ 1942ರಲ್ಲಿ ನೈಟ್ರೊಜನ್ ಮಸ್ಟರ್ಡ್ ಎಂಬ ಸಂಬಂಧಿತ ರಾಸಾಯನಿಕವನ್ನು ಒಬ್ಬ ರೋಗಿಗೆ ನೀಡಿತು. ಗಡ್ಡೆಗಳು ಕರಗಿದವು, ಬಿಳಿ ಕಣಗಳೂ ಕುಸಿದವು, ಕೆಲವು ವಾರಗಳಲ್ಲಿ ರೋಗ ಮರುಕಳಿಸಿತು. ಯುದ್ಧಕಾಲದ ಗೋಪ್ಯತೆಯ ಕಾರಣ ಈ ಫಲಿತಾಂಶ 1946ರವರೆಗೆ ಪ್ರಕಟವಾಗಲಿಲ್ಲ. ಇಂದು ಸ್ತನ ಕ್ಯಾನ್ಸರ್ ಮತ್ತು ಲಿಂಫೋಮ ಚಿಕಿತ್ಸೆಯಲ್ಲಿ ವ್ಯಾಪಕವಾಗಿ ಬಳಸಲಾಗುವ ಸೈಕ್ಲೊಫಾಸ್ಫಮೈಡ್ ಅದೇ ವಂಶದ ಔಷಧಿ.

1948ರಲ್ಲಿ ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಅವರು ರಕ್ತ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ಅಮಿನೊಪ್ಟೆರಿನ್ ಎಂಬ ಔಷಧಿಯಿಂದ ತಾತ್ಕಾಲಿಕ ಉಪಶಮನ ದೊರೆತುದನ್ನು ವರದಿ ಮಾಡಿದರು. ಆ ಔಷಧಿಯನ್ನು ರೂಪಿಸಿಕೊಟ್ಟ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದ ಭೀಮಾವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್.

ಎಣಿಕೆ ಇಳಿಯುವ ದಿನಗಳು

ಔಷಧಿ ಹಾಕಿದ ದಿನವನ್ನು ಮೊದಲನೆಯ ದಿನವೆಂದು ಲೆಕ್ಕ ಹಾಕಿದರೆ, ಬಹುತೇಕ ಔಷಧಿಗಳಲ್ಲಿ ನ್ಯೂಟ್ರೊಫಿಲ್‌ಗಳ ಸಂಖ್ಯೆಯು 7ರಿಂದ 14ನೆಯ ದಿನಗಳ ನಡುವೆ ಅತ್ಯಂತ ಕೆಳಮಟ್ಟಕ್ಕೆ ಇಳಿಯುತ್ತದೆ. ಔಷಧಿಯು ಮಜ್ಜೆಯಲ್ಲಿ ಬೆಳೆಯುತ್ತಿರುವ ಎಳೆಯ ಕೋಶಗಳನ್ನು ಕೊಲ್ಲುತ್ತದೆ; ಆಗಲೇ ಬೆಳೆದು ಸಿದ್ಧವಾಗಿರುವ ದಾಸ್ತಾನು ಕೆಲವು ದಿನ ರಕ್ತಕ್ಕೆ ಬರುತ್ತಲೇ ಇರುತ್ತದೆ. ಆ ದಾಸ್ತಾನು ಮುಗಿದ ಮೇಲೆ ಕೊರತೆ ಕಾಣಿಸಿಕೊಳ್ಳುತ್ತದೆ. ಮೂರನೆಯ ವಾರದ ಕೊನೆಯ ಹೊತ್ತಿಗೆ ಎಣಿಕೆಯು ಸಾಮಾನ್ಯವಾಗಿ ಮೊದಲಿನ ಮಟ್ಟಕ್ಕೆ ಏರುವುದರಿಂದಲೇ ಅನೇಕ ಚಿಕಿತ್ಸಾ ಕ್ರಮಗಳಲ್ಲಿ 21 ದಿನಗಳಿಗೆ ಒಂದು ಸುತ್ತು ಎಂಬ ಅಂತರವನ್ನು ಇಡಲಾಗಿದೆ. ಎಲ್ಲ ಔಷಧಿಗಳೂ ಒಂದೇ ರೀತಿಯಲ್ಲ. ವಿನ್‌ಕ್ರಿಸ್ಟಿನ್ ಮತ್ತು ಬ್ಲಿಯೊಮೈಸಿನ್ ಔಷಧಿಗಳು ಮಜ್ಜೆಯನ್ನು ಹೆಚ್ಚು ಬಾಧಿಸುವುದಿಲ್ಲ. ತೀವ್ರ ಸ್ವರೂಪದ ರಕ್ತ ಕ್ಯಾನ್ಸರ್‌ಗೆ ನೀಡುವ ಚಿಕಿತ್ಸೆಯಲ್ಲಿ ಕೊರತೆಯು ಎರಡು-ಮೂರು ವಾರಗಳವರೆಗೂ ಮುಂದುವರಿಯಬಹುದಾದ್ದರಿಂದ ಅಂಥವರನ್ನು ಒಳರೋಗಿಗಳಾಗಿಯೇ ಇರಿಸಿಕೊಳ್ಳಲಾಗುತ್ತದೆ.

ರಕ್ತ ಪರೀಕ್ಷೆಯ ವರದಿಯಲ್ಲಿ ಒಟ್ಟು ಬಿಳಿ ಕಣಗಳ ಸಂಖ್ಯೆ ಹಾಗೂ ನ್ಯೂಟ್ರೊಫಿಲ್‌ಗಳ ಶೇಕಡಾವಾರು ಪ್ರತ್ಯೇಕವಾಗಿ ಮುದ್ರಿತವಾಗಿರುತ್ತವೆ. ವೈದ್ಯರು ಗಮನಿಸುವುದು ಇವೆರಡನ್ನೂ ಗುಣಿಸಿ ಪಡೆಯುವ ಸಂಖ್ಯೆಯನ್ನು, ಇದನ್ನು ಎ.ಎನ್.ಸಿ. ಎನ್ನಲಾಗುತ್ತದೆ. ಉದಾಹರಣೆಗೆ, ಒಟ್ಟು ಬಿಳಿ ಕಣಗಳು 1,800 ಇದ್ದು ನ್ಯೂಟ್ರೊಫಿಲ್ ಶೇ. 25 ಇದ್ದಲ್ಲಿ ಎ.ಎನ್.ಸಿ. 450 ಆಗುತ್ತದೆ. 1,500ಕ್ಕಿಂತ ಕಡಿಮೆ ಇದ್ದರೆ ಕೊರತೆಯೆಂದೂ 500ಕ್ಕಿಂತ ಕಡಿಮೆ ಇದ್ದರೆ ತೀವ್ರ ಕೊರತೆಯೆಂದೂ ಪರಿಗಣಿಸಲಾಗುತ್ತದೆ. ಈ ಸಂಖ್ಯೆ ಇಳಿದಂತೆಲ್ಲ, ಹಾಗೂ ಇಳಿದ ಸ್ಥಿತಿಯಲ್ಲಿ ಹೆಚ್ಚು ದಿನ ಉಳಿದಂತೆಲ್ಲ, ಸೋಂಕಿನ ಅಪಾಯ ಏರುತ್ತದೆ ಎಂಬುದನ್ನು ಬೋಡಿ ಮತ್ತು ಸಹೋದ್ಯೋಗಿಗಳು ರಕ್ತ ಕ್ಯಾನ್ಸರ್ ರೋಗಿಗಳ ಅಧ್ಯಯನದ ಮೂಲಕ 1966ರಲ್ಲಿ ತೋರಿಸಿಕೊಟ್ಟರು. ಇಂದಿನ ಚಿಕಿತ್ಸಾ ನಿಯಮಗಳೆಲ್ಲ ಆ ಅರಿವಿನ ಮೇಲೆ ನಿಂತಿವೆ.

ಜ್ವರ ಬಂದಾಗ

ನ್ಯೂಟ್ರೊಫಿಲ್‌ಗಳು ಕಡಿಮೆ ಇರುವ ದೇಹದಲ್ಲಿ ಸೋಂಕಿನ ಪರಿಚಿತ ಲಕ್ಷಣಗಳು ಮೂಡುವುದಿಲ್ಲ. ಕೀವು ಎಂಬುದು ಬಹುಮಟ್ಟಿಗೆ ಸತ್ತ ನ್ಯೂಟ್ರೊಫಿಲ್‌ಗಳ ರಾಶಿ. ಅವು ಇಲ್ಲದಿದ್ದಾಗ ಗಾಯದಲ್ಲಿ ಕೀವಾಗುವುದಿಲ್ಲ, ಬಾವು ಅಷ್ಟಾಗಿ ಕಾಣುವುದಿಲ್ಲ, ನ್ಯೂಮೋನಿಯ ಇದ್ದರೂ ಎಕ್ಸ್-ರೇ ಚಿತ್ರದಲ್ಲಿ ಆರಂಭದಲ್ಲಿ ತೋರದಿರಬಹುದು. ಅನೇಕ ವೇಳೆ ಜ್ವರವೊಂದೇ ಸೂಚನೆ. ಸೋಂಕು ರಕ್ತಕ್ಕೆ ಹರಡಿ ರಕ್ತದೊತ್ತಡ ಕುಸಿಯಲು ಕೆಲವೇ ಗಂಟೆಗಳು ಸಾಕು. ಆದುದರಿಂದ ರೋಗಿಯು ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಪ್ರತಿಜೀವಕ ಔಷಧಿಯನ್ನು ಆರಂಭಿಸಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಯಾವ ರೋಗಾಣು ಎಂಬುದನ್ನು ಪತ್ತೆಹಚ್ಚುವ ರಕ್ತ ಪರೀಕ್ಷೆಯ ಫಲಿತಾಂಶಕ್ಕೆ ಎರಡು-ಮೂರು ದಿನ ಬೇಕಾಗುವುದರಿಂದ ಅದಕ್ಕಾಗಿ ಕಾಯದೆ ಚಿಕಿತ್ಸೆ ಪ್ರಾರಂಭಿಸಲಾಗುತ್ತದೆ.

ಕಿಮೊಥೆರಪಿ ಪಡೆಯುತ್ತಿರುವವರ ಮನೆಯಲ್ಲಿ ಥರ್ಮಾಮೀಟರ್ ಕಡ್ಡಾಯವಾಗಿ ಇರಬೇಕು. ಮೈ ಮುಟ್ಟಿ ನೋಡಿ ಜ್ವರವಿಲ್ಲವೆಂದು ನಿರ್ಧರಿಸುವುದು ನಂಬಿಕೆಗೆ ಅರ್ಹವಲ್ಲ. ಬಾಯಿಯಲ್ಲಿ ಅಳೆದ ಉಷ್ಣತೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ತಲುಪಿದಲ್ಲಿ ರಾತ್ರಿಯಾಗಿದ್ದರೂ ಹೊರಡಬೇಕು. ಕಂಕುಳಲ್ಲಿ ಅಳೆದ ಉಷ್ಣತೆಯು ಬಾಯಿಯದಕ್ಕಿಂತ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಇರುತ್ತದೆ ಎಂಬುದು ನೆನಪಿನಲ್ಲಿರಲಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡುವುದು, ಎನಿಮಾ ನೀಡುವುದು ಈ ದಿನಗಳಲ್ಲಿ ನಿಷಿದ್ಧ. ಜ್ವರವಿಲ್ಲದೆಯೂ ನಡುಕ, ಉಸಿರಾಟದ ತೊಂದರೆ, ಗೊಂದಲದ ಮಾತು, ಮೂತ್ರ ಕಡಿಮೆಯಾಗುವುದು ಕಂಡುಬಂದರೆ ಅದನ್ನು ಜ್ವರದಷ್ಟೇ ಗಂಭೀರವಾಗಿ ಪರಿಗಣಿಸಬೇಕು. ವಾಂತಿ ತಡೆಯಲೆಂದು ಅಥವಾ ಚಿಕಿತ್ಸೆಯ ಭಾಗವಾಗಿ ಸ್ಟಿರಾಯ್ಡ್ ಮಾತ್ರೆ ಸೇವಿಸುತ್ತಿರುವವರಲ್ಲಿ ಸೋಂಕಿದ್ದರೂ ಜ್ವರ ಏರದಿರಬಹುದು.

ಪ್ಯಾರಾಸಿಟಮಾಲ್ ಮಾತ್ರೆ ನುಂಗಿ ಬೆಳಗಾಗುವವರೆಗೆ ನೋಡೋಣ ಎಂಬ ತೀರ್ಮಾನವೇ ಅನೇಕ ಸಾವುಗಳ ಹಿಂದಿರುವ ಕಾರಣ. ಮಾತ್ರೆಯು ಉಷ್ಣತೆಯನ್ನು ಇಳಿಸುತ್ತದೆ, ಸೋಂಕನ್ನು ಇಳಿಸುವುದಿಲ್ಲ. ಹತ್ತಿರದ ಔಷಧಿ ಅಂಗಡಿಯಿಂದ ಪ್ರತಿಜೀವಕ ಮಾತ್ರೆ ತಂದು ನುಂಗುವುದೂ ತಕ್ಕುದಲ್ಲ. ಚಿಕಿತ್ಸೆ ನೀಡಿದ ಆಸ್ಪತ್ರೆ ದೂರದಲ್ಲಿದ್ದಲ್ಲಿ ಅಲ್ಲಿಗೇ ತಲುಪಬೇಕೆಂದು ಆರು-ಏಳು ಗಂಟೆ ಪ್ರಯಾಣ ಮಾಡುವ ಬದಲು ಸಮೀಪದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ತೆರಳಿ ಮೊದಲ ಪ್ರತಿಜೀವಕ ಚುಚ್ಚುಮದ್ದನ್ನು ಪಡೆಯುವುದು ಸರಿಯಾದ ಕ್ರಮ. ಅಲ್ಲಿನ ವೈದ್ಯರಿಗೆ "ಕಿಮೊಥೆರಪಿ ನಡೆಯುತ್ತಿದೆ, ಔಷಧಿ ಹಾಕಿ ಇಷ್ಟು ದಿನವಾಯಿತು" ಎಂಬ ಮಾತನ್ನು ಮೊಟ್ಟಮೊದಲು ತಿಳಿಸಬೇಕು. ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಔಷಧಿಗಳ ಹೆಸರು, ದಿನಾಂಕ ಮತ್ತು ಕೊನೆಯ ರಕ್ತ ಪರೀಕ್ಷೆಯ ವರದಿ ಇರುವ ಕಡತವನ್ನು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದೇ ಜಾಗದಲ್ಲಿ ಇಟ್ಟಿರುವುದು ಒಳ್ಳೆಯದು.

ಆಹಾರದ ವಿಷಯದಲ್ಲಿ ಹಿಂದೆ ಇದ್ದ ಕಟ್ಟುನಿಟ್ಟಿನ ಪಥ್ಯದಿಂದ ಸೋಂಕು ಕಡಿಮೆಯಾಗುವುದಿಲ್ಲವೆಂದು ತುಲನಾತ್ಮಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಹೊಸದಾಗಿ ಬೇಯಿಸಿದ ಊಟ, ಕುದಿಸಿ ಆರಿಸಿದ ನೀರು, ಚೆನ್ನಾಗಿ ತೊಳೆದು ಸಿಪ್ಪೆ ತೆಗೆದ ಹಣ್ಣು ಮತ್ತು ಅಡಿಗೆ ಮಾಡುವವರ ಸ್ವಚ್ಛ ಕೈಗಳು ಸಾಕು.

ಚಿಕಿತ್ಸೆಯ ಫಲಿತಾಂಶದ ಮೇಲೆ ಪರಿಣಾಮ

ಎಣಿಕೆ ಇಳಿದಿದ್ದರೆ ವೈದ್ಯರು ಮುಂದಿನ ಸುತ್ತನ್ನು ಮುಂದೂಡುತ್ತಾರೆ ಅಥವಾ ಔಷಧಿಯ ಪ್ರಮಾಣವನ್ನು ತಗ್ಗಿಸುತ್ತಾರೆ. ರೋಗಿಯ ಸುರಕ್ಷತೆಗೆ ಇದು ಅಗತ್ಯ. ಆದರೆ ಪದೇ ಪದೇ ಹೀಗಾದಲ್ಲಿ ಗುಣಪಡಿಸುವ ಉದ್ದೇಶದಿಂದ ನೀಡುತ್ತಿರುವ ಚಿಕಿತ್ಸೆಯ ಬಲ ಕುಗ್ಗುತ್ತದೆ. ಇಟಲಿಯ ಮಿಲಾನ್ ನಗರದಲ್ಲಿ ಬೊನಾಡೊನ್ನ ಅವರ ತಂಡ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಕಿಮೊಥೆರಪಿ ಪಡೆದ ಮಹಿಳೆಯರನ್ನು 20 ವರ್ಷಗಳ ಕಾಲ ಗಮನಿಸಿ 1995ರಲ್ಲಿ ವರದಿ ಪ್ರಕಟಿಸಿತು. ನಿಗದಿಯಾದ ಪ್ರಮಾಣದ ಶೇ. 85ರಷ್ಟನ್ನಾದರೂ ಪಡೆದವರಲ್ಲಿ ಫಲಿತಾಂಶವು ಉತ್ತಮವಾಗಿತ್ತು. ಊರಿನ ಜಾತ್ರೆ, ಮದುವೆ ಅಥವಾ ಕೊಯ್ಲಿನ ಕಾರಣಕ್ಕೆ ಸುತ್ತನ್ನು ತಾವಾಗಿಯೇ ತಪ್ಪಿಸುವವರು ಈ ಅಂಶವನ್ನು ಗಮನಿಸಬೇಕು.

ಮಜ್ಜೆಯನ್ನು ಉತ್ತೇಜಿಸಿ ನ್ಯೂಟ್ರೊಫಿಲ್‌ಗಳ ಉತ್ಪಾದನೆಯನ್ನು ಹೆಚ್ಚಿಸುವ ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದು 1991ರಿಂದ ಬಳಕೆಯಲ್ಲಿದೆ, ಭಾರತದಲ್ಲಿಯೂ ತಯಾರಾಗುತ್ತಿದೆ. ಕಿಮೊಥೆರಪಿ ಮುಗಿದು ಕನಿಷ್ಠ 24 ಗಂಟೆ ಕಳೆದ ಮೇಲೆ ಇದನ್ನು ಆರಂಭಿಸಲಾಗುತ್ತದೆ. ಎಲ್ಲರಿಗೂ ಇದರ ಅವಶ್ಯಕತೆ ಇಲ್ಲ. ಚುಚ್ಚುಮದ್ದನ್ನು ಮನೆಗೆ ಕೊಂಡೊಯ್ದು ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ಹಾಕಿಸಿಕೊಳ್ಳುವವರು ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಮಂಜುಗಡ್ಡೆಯಾಗಿ ಹೆಪ್ಪುಗಟ್ಟಲು ಬಿಡಬಾರದು. ಸೊಂಟ ಮತ್ತು ಬೆನ್ನಿನ ಮೂಳೆಗಳಲ್ಲಿ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ಮಜ್ಜೆಯು ಕೆಲಸ ಮಾಡುತ್ತಿರುವುದರ ನೋವು ಅದು.

ನಿಧಾನವಾಗಿ ಮರಳುವ ಕೋಶಗಳು

ನ್ಯೂಟ್ರೊಫಿಲ್‌ಗಳು ವಾರಗಳಲ್ಲಿ ಮರಳುತ್ತವೆ. ಲಿಂಫೊಸೈಟ್‌ಗಳಿಗೆ ತಿಂಗಳುಗಳು ಬೇಕು. ಹೀಗಾಗಿ ಚಿಕಿತ್ಸೆ ಮುಗಿದು ಎಣಿಕೆ ಸರಿಯಾಯಿತೆಂದ ಮೇಲೂ ಕೆಲವು ಸೋಂಕುಗಳ ಭಯ ಉಳಿದಿರುತ್ತದೆ. ದೇಹದಲ್ಲಿ ಅಡಗಿ ಕುಳಿತ ಕ್ಷಯ ರೋಗಾಣು ಮತ್ತೆ ತಲೆಯೆತ್ತಬಹುದು, ಸರ್ಪಸುತ್ತು ಕಾಣಿಸಿಕೊಳ್ಳಬಹುದು. ಹೆಪಟೈಟಿಸ್-ಬಿ ವೈರಾಣುವನ್ನು ಲಕ್ಷಣಗಳಿಲ್ಲದೆ ಹೊತ್ತಿರುವವರಲ್ಲಿ ಕಿಮೊಥೆರಪಿಯಿಂದ, ವಿಶೇಷವಾಗಿ ಬಿ-ಕೋಶಗಳನ್ನು ನಾಶಪಡಿಸುವ ರಿಟುಕ್ಸಿಮ್ಯಾಬ್ ಔಷಧಿಯಿಂದ, ಅದು ಕೆರಳಿ ಯಕೃತ್ತು ವಿಫಲವಾಗುವ ಸಂಭವವಿದೆ. ಚಿಕಿತ್ಸೆಗೆ ಮುನ್ನ ಮಾಡುವ ಒಂದು ಸರಳ ರಕ್ತ ಪರೀಕ್ಷೆಯಿಂದ ಇದನ್ನು ತಿಳಿಯಬಹುದು ಮತ್ತು ಮಾತ್ರೆಗಳಿಂದ ತಡೆಯಬಹುದು.

ದಡಾರ-ರುಬೆಲ್ಲಾ, ಚಿಕನ್‌ಪಾಕ್ಸ್ ಮುಂತಾದ ಜೀವಂತ ಲಸಿಕೆಗಳನ್ನು ಚಿಕಿತ್ಸೆಯ ಅವಧಿಯಲ್ಲಿ ನೀಡುವಂತಿಲ್ಲ. ಫ್ಲೂ ಚುಚ್ಚುಮದ್ದಿನಂತಹ ನಿರ್ಜೀವ ಲಸಿಕೆಗಳನ್ನು ನೀಡಬಹುದಾಗಿದ್ದು, ಸಾಧ್ಯವಾದರೆ ಕಿಮೊಥೆರಪಿಗೆ ಎರಡು ವಾರ ಮುಂಚೆ ಪಡೆಯುವುದು ಲೇಸು. ಮನೆಯಲ್ಲಿ ಪುಟ್ಟ ಮಕ್ಕಳಿದ್ದು ಪೋಲಿಯೊ ಹನಿ ಹಾಕಿಸಬೇಕಾಗಿದ್ದಲ್ಲಿ ಆ ವಿಷಯವನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು.

ಕ್ಯಾನ್ಸರ್ ವಿರುದ್ಧ ಇದೇ ಕೋಶಗಳು

ಕಿಮೊಥೆರಪಿಯು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ ಎಂಬುದು ಅರ್ಧ ಸತ್ಯ ಮಾತ್ರ. 2005ರಿಂದೀಚೆಗೆ ಫ್ರಾನ್ಸಿನ ಕ್ರೋಮರ್ ಮತ್ತು ಜಿಟ್ವೊಗೆಲ್ ಅವರ ತಂಡಗಳು ನಡೆಸಿದ ಸಂಶೋಧನೆಯಿಂದ ಇನ್ನರ್ಧ ತಿಳಿದುಬಂದಿದೆ. ಡಾಕ್ಸೊರುಬಿಸಿನ್ ಮತ್ತು ಅದರ ಗುಂಪಿನ ಔಷಧಿಗಳಿಂದ ಸಾಯುವ ಕ್ಯಾನ್ಸರ್ ಕೋಶಗಳು ಸಾಯುವಾಗ ಕೆಲವು ಸಂಕೇತಗಳನ್ನು ಹೊರಸೂಸಿ ರೋಗನಿರೋಧಕ ಕೋಶಗಳನ್ನು ಎಚ್ಚರಿಸುತ್ತವೆ. ಇನ್ನೊಂದೆಡೆ, ಕಡಿಮೆ ಪ್ರಮಾಣದ ಸೈಕ್ಲೊಫಾಸ್ಫಮೈಡ್, ಗಡ್ಡೆಯ ಸುತ್ತ ಸೇರಿಕೊಂಡು ಇತರ ಟಿ-ಕೋಶಗಳನ್ನು ಹಿಡಿದಿಡುವ ನಿಯಂತ್ರಕ ಟಿ-ಕೋಶಗಳನ್ನು ತಗ್ಗಿಸುತ್ತದೆ.

ಕಿಮೊಥೆರಪಿಯ ಜೊತೆಗೆ ಟಿ-ಕೋಶಗಳ ತಡೆಯನ್ನು ಬಿಡಿಸುವ ಔಷಧಿಗಳನ್ನು ನೀಡುವ ಪದ್ಧತಿಗೆ ಈ ತಿಳಿವಳಿಕೆಯು ಇಂಬು ನೀಡಿತು. ಆ ತಡೆಗಳ ಬಗ್ಗೆ ಸಂಶೋಧನೆ ನಡೆಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಅದೇ ವರ್ಷ ಪ್ರಕಟವಾದ ಶ್ವಾಸಕೋಶ ಕ್ಯಾನ್ಸರ್ ಅಧ್ಯಯನವೊಂದರಲ್ಲಿ, ಕಿಮೊಥೆರಪಿಯ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಪಡೆದವರಲ್ಲಿ ಶೇ. 69.2 ಮಂದಿ ಒಂದು ವರ್ಷದ ನಂತರ ಬದುಕಿದ್ದರು. ಕಿಮೊಥೆರಪಿ ಮಾತ್ರ ಪಡೆದವರಲ್ಲಿ ಈ ಪ್ರಮಾಣ ಶೇ. 49.4 ಇತ್ತು.

ಈ ಔಷಧಿಗಳ ಬೆಲೆ ಸಾಮಾನ್ಯ ಕುಟುಂಬಗಳ ಕೈಗೆ ಎಟುಕುವಂಥದಲ್ಲ. ಈ ದೃಷ್ಟಿಯಿಂದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನವು ನಮ್ಮ ದೇಶಕ್ಕೆ ಹೆಚ್ಚು ಮಹತ್ವದ್ದು. ತಂಬಾಕಿನ ಬಳಕೆಯಿಂದ ಭಾರತದಲ್ಲಿ ಅಧಿಕವಾಗಿರುವ ಬಾಯಿ, ಗಂಟಲು ಮುಂತಾದ ತಲೆ-ಕುತ್ತಿಗೆ ಭಾಗದ ಮುಂದುವರಿದ ಕ್ಯಾನ್ಸರ್ ಇದ್ದವರಿಗೆ ಮೆಥೊಟ್ರೆಕ್ಸೇಟ್ ಸೇರಿದಂತೆ ಬಾಯಿಯ ಮೂಲಕ ನೀಡುವ ಮೂರು ಅಗ್ಗದ ಔಷಧಿಗಳ ಜೊತೆ ನಿವೊಲುಮ್ಯಾಬ್ ಔಷಧಿಯನ್ನು ಮೂರು ವಾರಗಳಿಗೊಮ್ಮೆ ಕೇವಲ 20 ಮಿಲಿಗ್ರಾಂ ನೀಡಲಾಯಿತು. ಇದು ರೂಢಿಯ ಪ್ರಮಾಣದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ. 16.3ರಿಂದ ಶೇ. 43.4ಕ್ಕೆ ಏರಿತು. ರೋಗವು ಇದರಿಂದ ಪೂರ್ಣ ಗುಣವಾಯಿತೆಂದು ಅರ್ಥವಲ್ಲ. ದೊರೆತ ಕಾಲ ಹೆಚ್ಚಿತು. ಟಿ-ಕೋಶಗಳ ತಡೆ ಬಿಡಿಸುವ ಔಷಧಿಗಳಿಂದ ಆ ಕೋಶಗಳು ದೇಹದ ಕರುಳು, ಶ್ವಾಸಕೋಶ ಅಥವಾ ಥೈರಾಯ್ಡ್ ಗ್ರಂಥಿಯ ಮೇಲೆಯೇ ತಿರುಗಿ ಬೀಳುವ ಸಾಧ್ಯತೆಯಿರುವುದರಿಂದ ತೀವ್ರ ಭೇದಿ ಅಥವಾ ಹೊಸದಾದ ಕೆಮ್ಮನ್ನು ಕೂಡಲೇ ತಿಳಿಸಬೇಕು.

ಕೆಲವೊಮ್ಮೆ ಲಿಂಫೊಸೈಟ್‌ಗಳನ್ನು ಇಳಿಸುವುದೇ ಕಿಮೊಥೆರಪಿಯ ಗುರಿಯಾಗಿರುತ್ತದೆ. ರೋಗಿಯದೇ ಟಿ-ಕೋಶಗಳನ್ನು ಹೊರತೆಗೆದು, ಕ್ಯಾನ್ಸರ್ ಗುರುತಿಸುವಂತೆ ಮಾರ್ಪಡಿಸಿ, ಮರಳಿ ನೀಡುವ ಕಾರ್-ಟಿ ಚಿಕಿತ್ಸೆಯಲ್ಲಿ, ಹೊಸ ಕೋಶಗಳಿಗೆ ಜಾಗ ಮಾಡಿಕೊಡಲು ಮೊದಲು ಕೆಲವು ದಿನ ಕಿಮೊಥೆರಪಿ ನೀಡಲಾಗುತ್ತದೆ. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಕೇಂದ್ರದ ಸಹಯೋಗದಲ್ಲಿ ರೂಪುಗೊಂಡ ಭಾರತದ ಮೊದಲ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮೋದನೆ ದೊರೆಯಿತು.

"ಶಕ್ತಿವರ್ಧಕ"ಗಳ ಬಗ್ಗೆ

ಬಿಳಿ ಕಣ ಇಳಿದಿದೆ ಎಂದು ಕೇಳಿದ ಕೂಡಲೇ ಬಂಧುಗಳು ಕಷಾಯ, ಪರಂಗಿ ಎಲೆಯ ರಸ, ಅಮೃತಬಳ್ಳಿ ಮುಂತಾದವನ್ನು ಸೂಚಿಸುವುದುಂಟು. ಪ್ರೀತಿಯಿಂದ ಕೊಡುವ ಈ ಸಲಹೆಗಳನ್ನು ನಿರಾಕರಿಸುವುದು ಕಷ್ಟ. ಆದರೆ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಅನೇಕ ಕಿಮೊಥೆರಪಿ ಔಷಧಿಗಳು ದೇಹದಿಂದ ಹೊರಹೋಗುವುದು ಯಕೃತ್ತಿನ ಮೂಲಕವೇ ಆದುದರಿಂದ ಅದು ಕೆಟ್ಟರೆ ಔಷಧಿಯು ವಿಷವಾಗುತ್ತದೆ. ಏನನ್ನೇ ಸೇವಿಸುತ್ತಿದ್ದರೂ ವೈದ್ಯರಿಂದ ಮುಚ್ಚಿಡಬಾರದು.

ಸೌಲಭ್ಯಗಳು

ಕರ್ನಾಟಕದಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು ಲಭ್ಯವಿದೆ. ಬಡತನ ರೇಖೆಗಿಂತ ಕೆಳಗಿನ ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಹಾಗೂ ಇತರ ಕುಟುಂಬಗಳಿಗೆ ವಾರ್ಷಿಕ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ವೆಚ್ಚದ ಒಂದು ಭಾಗಕ್ಕೆ ನೆರವು ದೊರೆಯುತ್ತದೆ. ಆಧಾರ್ ಮತ್ತು ಪಡಿತರ ಚೀಟಿ ಅಗತ್ಯ. ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕಾಗುತ್ತದೆ. ತುರ್ತು ಸಂದರ್ಭದಲ್ಲಿ ರೆಫರಲ್ ಪತ್ರವಿಲ್ಲದೆಯೂ ದಾಖಲಾಗಬಹುದು. ಜ್ವರ ಬಂದಾಗ ಪತ್ರಕ್ಕಾಗಿ ಓಡಾಡುತ್ತ ಹೊತ್ತು ಕಳೆಯಬಾರದು. ಫಿಲ್‌ಗ್ರಾಸ್ಟಿಮ್ ಅಥವಾ ಇಮ್ಯುನೊಥೆರಪಿ ಔಷಧಿಯು ಮಂಜೂರಾದ ಪ್ಯಾಕೇಜಿನಲ್ಲಿ ಸೇರಿದೆಯೇ ಎಂಬುದನ್ನು ಚಿಕಿತ್ಸೆ ಆರಂಭವಾಗುವ ಮೊದಲೇ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಂದ ಕೇಳಿ ತಿಳಿಯುವುದು ಸೂಕ್ತ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಚಿಕಿತ್ಸೆ ಆರಂಭಿಸಿದವರು ಮುಂದಿನ ಸುತ್ತುಗಳನ್ನು ಸ್ವಂತ ಜಿಲ್ಲೆಯಲ್ಲಿ ಪಡೆಯಲು ಸಾಧ್ಯವೇ ಎಂಬುದನ್ನು ವೈದ್ಯರೊಂದಿಗೆ ಚರ್ಚಿಸಬಹುದು. ರಾಜ್ಯದ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲಿ 2025ರಲ್ಲಿ ಕಿಮೊಥೆರಪಿ ಡೇ ಕೇರ್ ಕೇಂದ್ರಗಳು ಆರಂಭವಾಗಿವೆ.

ಆರೋಗ್ಯ ಸಹಾಯವಾಣಿ: 104
ತುರ್ತು ಆಂಬ್ಯುಲೆನ್ಸ್: 108. ಕರೆ ಮಾಡುವಾಗ ರೋಗಿಯು ಕಿಮೊಥೆರಪಿ ಪಡೆಯುತ್ತಿರುವುದನ್ನೂ ಕೊನೆಯ ಬಾರಿ ಔಷಧಿ ಹಾಕಿದ ದಿನಾಂಕವನ್ನೂ ತಿಳಿಸುವುದು.